ನೋಡಬೇಡಿ ಅನ್ನುವುದು ಬೇರೆ, ತೋರಿಸಬೇಡಿ ಅನ್ನುವುದು ಬೇರೆ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದವರು ಸಾಮಾನ್ಯವಾಗಿ ಅರಳಿಕಟ್ಟೆ ಸುತ್ತಿ, ಸಾಲುಸಾಲು ನಾಗರಕಲ್ಲುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಹಾಲೆರೆದು ಬಸ್ ಹತ್ತುತ್ತಾರೆ. ಅಲ್ಲೇ ಇರುವ ಹುತಾತ್ಮರ ಸ್ಮಾರಕ ವೀರಸೌಧದ ಒಳಗೆ ಕಾಲಿಡುವವರು ಕಡಿಮೆ. 1938ರ ಏಪ್ರಿಲ್ 25ರಂದು, ಜಾತ್ರೆಯ ದಿನಗಳಲ್ಲಿ, ಕಾಂಗ್ರೆಸ್ಸಿನ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ದು ಇಲ್ಲೇ. ಸತ್ತವರ ಲೆಕ್ಕ ಸರ್ಕಾರದ್ದೊಂದು, ಜನರದ್ದೊಂದು. ಆಗ ಊರು ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ.

ಬಾವುಟ ಎತ್ತುವುದೂ ಒಂದು ಮಾತೇ. ಸರ್ಕಾರ ಬೇಡ ಅಂದಿತು, ಜನ ಕೇಳಲಿಲ್ಲ, ಬಂದೂಕು ಬಂತು. ಬಾಯಿ ಮುಚ್ಚಿಸುವುದು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ವಿದುರಾಶ್ವತ್ಥದ ಹೆಸರು ಹೇಳುತ್ತೇನೆ. ಯಾಕೆಂದರೆ ಈಗ ಸೆನ್ಸಾರ್ ಅನ್ನುವ ಮಾತು ಬಹಳ ಅಗ್ಗವಾಗಿದೆ. ವಾಟ್ಸಾಪ್ ಗ್ರೂಪಿನ ಅಡ್ಮಿನ್ ತೆಗೆದುಹಾಕಿದರೆ ಸೆನ್ಸಾರ್, ಪತ್ರಿಕೆಯವರು ವಾಚಕರ ವಾಣಿಗೆ ಬರೆದ ಪತ್ರ ಹಾಕದಿದ್ದರೆ ಸೆನ್ಸಾರ್, ಜನ ಸಿನಿಮಾಗೆ ಹೋಗದಿದ್ದರೂ ಸೆನ್ಸಾರ್. ಇನ್ನೊಂದು ಕಡೆ, ನಿಜವಾಗಿಯೂ ಒಬ್ಬರ ಬಾಯಿಗೆ ಬೀಗ ಬಿದ್ದಾಗ, ‘ಅದು ಜನರ ಆಕ್ರೋಶ ಅಷ್ಟೇ, ಸರ್ಕಾರ ಏನು ಮಾಡಿದೆ?’ ಎಂದು ಕೈ ತೊಳೆದುಕೊಳ್ಳುತ್ತಾರೆ. ಎರಡೂ ತಪ್ಪು ಲೆಕ್ಕವೇ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಸಂವಿಧಾನದ 19(1)(ಎ) ವಿಧಿ ಪ್ರತಿಯೊಬ್ಬ ನಾಗರಿಕನಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. ಅದಕ್ಕೆ ಎಲ್ಲೆಲ್ಲಿ ಬೇಲಿ ಹಾಕಬಹುದು ಎಂಬುದನ್ನು 19(2) ಹೇಳುತ್ತದೆ: ದೇಶದ ಸಾರ್ವಭೌಮತೆ ಮತ್ತು ಸಮಗ್ರತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇದರಾಚೆಗೆ ನಿರ್ಬಂಧ ಹಾಕುವಂತಿಲ್ಲ, ಹಾಕಿದ್ದೂ ಸಮಂಜಸವಾಗಿರಬೇಕು. ಪಟ್ಟಿ ಮೊದಲು ಇಷ್ಟು ಉದ್ದ ಇರಲಿಲ್ಲ. 1950ರಲ್ಲಿ ಮದ್ರಾಸ್ ಸರ್ಕಾರ ‘ಕ್ರಾಸ್ ರೋಡ್ಸ್’ ಎಂಬ ವಾರಪತ್ರಿಕೆ ತನ್ನ ಪ್ರಾಂತ್ಯದೊಳಗೆ ಬರದಂತೆ ತಡೆದಾಗ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಮರುವರ್ಷವೇ ಮೊದಲ ತಿದ್ದುಪಡಿ ಬಂದು ಸಾರ್ವಜನಿಕ ಸುವ್ಯವಸ್ಥೆ ಮೊದಲಾದವು ಸೇರಿಕೊಂಡವು. ‘ಭಾವನೆಗೆ ಧಕ್ಕೆ’ ಎಂಬುದು ಮಾತ್ರ ಆ ಪಟ್ಟಿಯಲ್ಲಿ ಇವತ್ತಿಗೂ ಇಲ್ಲ. ದಂಡಸಂಹಿತೆಯಲ್ಲಿ ಧಾರ್ಮಿಕ ಭಾವನೆಯ ಕಲಂ ಇದೆ ನಿಜ, ಹಿಂದಿನ 295ಎ, ಈಗ ನ್ಯಾಯ ಸಂಹಿತೆಯ 299. ಆದರೆ ಅಲ್ಲಿಯೂ ಬೇಕೆಂದೇ, ಕೆಟ್ಟ ಉದ್ದೇಶದಿಂದ ಮಾಡಿದ್ದು ಎಂದು ತೋರಿಸಬೇಕು. ಯಾರಿಗೋ ಬೇಜಾರಾಯಿತು ಅನ್ನುವಷ್ಟೇ ಸಾಲದು.

ಈ ಹಕ್ಕು ಯಾರ ಎದುರಿಗೆ? ಮುಖ್ಯವಾಗಿ ‘ರಾಜ್ಯ’ದ ಎದುರಿಗೆ. ರಾಜ್ಯ ಎಂದರೆ ವಿಧಾನಸೌಧ ಒಂದೇ ಅಲ್ಲ. 12ನೇ ವಿಧಿಯ ಪ್ರಕಾರ ಕೇಂದ್ರ ಸರ್ಕಾರ, ಸಂಸತ್ತು, ರಾಜ್ಯ ಸರ್ಕಾರ, ವಿಧಾನಮಂಡಲ ಅಲ್ಲದೆ ಸ್ಥಳೀಯ ಸಂಸ್ಥೆಗಳು, ಇತರ ಪ್ರಾಧಿಕಾರಗಳು ಎಲ್ಲ ಅದರೊಳಗೇ. ಅಂದರೆ ಕೋಲಾರ ನಗರಸಭೆ, ನಿಮ್ಮೂರ ಗ್ರಾಮ ಪಂಚಾಯಿತಿ, ತಹಸೀಲ್ದಾರ್ ಕಚೇರಿ, ಪೊಲೀಸ್ ಠಾಣೆ ಎಲ್ಲವೂ ರಾಜ್ಯವೇ. ಬೀದಿ ನಾಟಕ ಆಡಬೇಡಿ ಎಂದು ಪಂಚಾಯಿತಿ ಪಿಡಿಒ ಹೇಳಿದರೂ ಅದು ರಾಜ್ಯದ ಬಾಯಿಂದ ಬಂದ ಮಾತು.

ಚಿಂತಾಮಣಿಯ ಥಿಯೇಟರ್ ಮಾಲೀಕ ರಾಜ್ಯವಲ್ಲ. ಕನ್ನಡ ಸಿನಿಮಾ ಬಿಟ್ಟು ತೆಲುಗು ಸಿನಿಮಾ ಹಾಕಿದರೆ ನನಗೆ ಸಿಟ್ಟು ಬರಬಹುದು (ನಮ್ಮ ಕಡೆ ಅದು ಹೊಸತೇನಲ್ಲ, ಹಬ್ಬಕ್ಕೆ ತೆಲುಗು ಸಿನಿಮಾ ಬಂದರೆ ಊರಿಗೆ ಊರೇ ಅಲ್ಲಿರುತ್ತದೆ), ಆದರೆ ಅವನು ಯಾರ ಹಕ್ಕನ್ನೂ ಕಸಿದಿಲ್ಲ. ಪತ್ರಿಕೆಯ ಸಂಪಾದಕ ನನ್ನ ಲೇಖನ ತಿರಸ್ಕರಿಸಿದರೆ ಅದು ಅವನ ಸ್ವಾತಂತ್ರ್ಯ. ಗಣೇಶೋತ್ಸವ ಸಮಿತಿ ಈ ಭಾಷಣಕಾರ ಬೇಡ, ಆ ಭಾಷಣಕಾರ ಇರಲಿ ಎಂದರೂ ಅಷ್ಟೇ. ಮಾತನಾಡುವ ಹಕ್ಕಿನ ಜೊತೆ ವೇದಿಕೆಯನ್ನೂ ಕೇಳುಗರನ್ನೂ ಯಾರೂ ಒದಗಿಸಬೇಕಿಲ್ಲ.

ಬಹಿಷ್ಕಾರವೂ ಹಾಗೆಯೇ. ಅದು ಅಭಿವ್ಯಕ್ತಿಗೆ ಶತ್ರು ಅಲ್ಲ, ಅದೇ ಒಂದು ಅಭಿವ್ಯಕ್ತಿ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು ಮೊಸರು ಮಾರುತ್ತೇವೆ ಎಂದಾಗ ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿಯನ್ನೇ ಬಳಸೋಣ ಎಂದು ಕರೆಕೊಟ್ಟಿತು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ಬದುಕುವ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಿಗೆ ಅದು ಬರೀ ರಾಜಕೀಯವಾಗಿರಲಿಲ್ಲ, ಹೊಟ್ಟೆಪಾಡಿನ ಮಾತಾಗಿತ್ತು. ಯಾರೂ ಯಾರ ಕೈಯಿಂದಲೂ ಹಾಲಿನ ಪ್ಯಾಕೆಟ್ ಕಿತ್ತುಕೊಳ್ಳಬೇಕಾಗಿರಲಿಲ್ಲ. ಇಷ್ಟವಿದ್ದವರು ಕೊಳ್ಳಬಹುದು, ಇಲ್ಲದವರು ಬಿಡಬಹುದು.

ವಿದುರಾಶ್ವತ್ಥದ ತಲೆಮಾರಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಪರದೇಶಿ ಬಟ್ಟೆ ಬೇಡ, ಹೆಂಡದಂಗಡಿಗೆ ಹೋಗಬೇಡಿ ಎಂದು ಅಂಗಡಿಗಳ ಮುಂದೆ ನಿಂತು ಪಿಕೆಟಿಂಗ್ ಮಾಡಿದವರು ಅವರು. 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಈ ಪಿಕೆಟಿಂಗ್ ಬಗ್ಗೆಯೇ ಒಂದು ಕಲಮು ಇದೆ. ಪಿಕೆಟಿಂಗ್ ಮಾಡಬಹುದು, ಆದರೆ ಅದರಲ್ಲಿ ಬಲವಂತ ಇರಬಾರದು, ಹೆದರಿಕೆ ಹುಟ್ಟಿಸಬಾರದು, ಓಡಾಡುವವರಿಗೆ ಅಡ್ಡಿ ಮಾಡಬಾರದು ಎಂಬ ಅರ್ಥದ ಮಾತು ಅಲ್ಲಿದೆ. ತೊಂಬತ್ತು ವರ್ಷದ ಹಿಂದೆ ಎಳೆದ ಆ ಗೆರೆಯನ್ನು ಇವತ್ತಿಗೂ ಯಾರೂ ಇದಕ್ಕಿಂತ ಸ್ಪಷ್ಟವಾಗಿ ಎಳೆದಿಲ್ಲ ಎಂದು ನನಗನ್ನಿಸುತ್ತದೆ. 1997ರಲ್ಲಿ ಕೇರಳ ಹೈಕೋರ್ಟ್ ಬಂದ್‌ಗಳು ಸಂವಿಧಾನಕ್ಕೆ ವಿರುದ್ಧ ಎಂದಿದ್ದೂ ಹೆಚ್ಚುಕಡಿಮೆ ಇದೇ ತರ್ಕದ ಮೇಲೆ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾನು ಅಂಗಡಿ ಮುಚ್ಚುತ್ತೇನೆ ಅನ್ನುವುದು ನನ್ನ ಹಕ್ಕು, ನಿನ್ನ ಅಂಗಡಿಯ ಶಟರ್ ಎಳೆಸುತ್ತೇನೆ ಅನ್ನುವುದು ಅಲ್ಲ.

ಈಗ ಇತ್ತೀಚಿನದಕ್ಕೆ ಬರೋಣ. 2025ರ ಮೇ ಕೊನೆಯಲ್ಲಿ ಚೆನ್ನೈನ ಕಾರ್ಯಕ್ರಮವೊಂದರಲ್ಲಿ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂಬರ್ಥದ ಮಾತಾಡಿದರು. ಭಾಷಾಶಾಸ್ತ್ರದ ಪ್ರಕಾರ ಅದು ತಪ್ಪು, ಎರಡೂ ಮೂಲ ದ್ರಾವಿಡದಿಂದ ಬೇರೆಬೇರೆಯಾಗಿ ಬೆಳೆದ ಭಾಷೆಗಳು. ಸಿಟ್ಟು ಬರುವುದು ಸಹಜ, ನನಗೂ ಬಂತು. ಅವರ ‘ಥಗ್ ಲೈಫ್’ ಸಿನಿಮಾ ನೋಡುವುದಿಲ್ಲ ಎಂದು ಯಾರಾದರೂ ನಿರ್ಧರಿಸಿದರೆ, ಹತ್ತು ಜನಕ್ಕೆ ಹೇಳಿದರೆ, ಡಿಸಿ ಕಚೇರಿ ಮುಂದೆ ಪ್ಲಕಾರ್ಡ್ ಹಿಡಿದರೆ, ಅದು ಬಹಿಷ್ಕಾರ. ಕೊನೆಯವರೆಗೂ ಸರಿ. ಕ್ಷಮೆ ಕೇಳದಿದ್ದರೆ ರಾಜ್ಯದಲ್ಲಿ ಬಿಡುಗಡೆಗೆ ಅವಕಾಶವಿಲ್ಲ ಎಂದು ಸಿನಿಮಾ ಉದ್ಯಮದವರ ಸಂಘವಾದ ಚಲನಚಿತ್ರ ವಾಣಿಜ್ಯ ಮಂಡಳಿ ಹೇಳಿದಾಗ ವಿಷಯ ಬೇರೆಯಾಯಿತು. ಅಲ್ಲಿಂದಾಚೆಗೆ ನೋಡಬೇಕೆಂದವನಿಗೂ ನೋಡಲು ಆಗುವುದಿಲ್ಲ. ಜೊತೆಗೆ ಥಿಯೇಟರ್‌ಗೆ ಬೆಂಕಿ ಬೀಳುತ್ತದೆ ಎಂಬ ಮಾತೂ ಗಾಳಿಯಲ್ಲಿ ತೇಲಾಡತೊಡಗಿತು.

ನಿರ್ಮಾಣ ಸಂಸ್ಥೆ ಹೈಕೋರ್ಟಿಗೆ ಹೋಯಿತು. ಕ್ಷಮೆ ಕೇಳಿದರೆ ಮುಗಿಯಿತಲ್ಲ ಎಂದು ಅಲ್ಲಿ ನ್ಯಾಯಪೀಠವೇ ಕೇಳಿತು. ಜೂನ್ 5ಕ್ಕೆ ಬೇರೆ ಕಡೆ ಸಿನಿಮಾ ತೆರೆಕಂಡಿತು, ಕರ್ನಾಟಕದಲ್ಲಿ ಇಲ್ಲ. ಜೂನ್ 17ರಂದು ಸುಪ್ರೀಂ ಕೋರ್ಟ್ ಇದನ್ನು ಖಂಡಿಸಿತು: ಪ್ರಮಾಣಪತ್ರ ಸಿಕ್ಕ ಸಿನಿಮಾ ಬಿಡುಗಡೆಯಾಗಲೇಬೇಕು, ಬೀದಿಯ ಗುಂಪಿಗೆ ಆ ನಿರ್ಧಾರ ಬಿಟ್ಟುಕೊಡಲಾಗದು, ಕ್ಷಮೆ ಕೇಳಿಸುವುದು ಹೈಕೋರ್ಟಿನ ಕೆಲಸವೂ ಅಲ್ಲ. ರಕ್ಷಣೆ ಕೊಡುತ್ತೇವೆ ಎಂದು ರಾಜ್ಯ ಸರ್ಕಾರ ಒಪ್ಪಿದ ಮೇಲೆ ಜೂನ್ 19ರಂದು ಅರ್ಜಿ ಮುಗಿಯಿತು. ಅಷ್ಟು ಹೊತ್ತಿಗೆ ಬೇರೆ ಕಡೆ ಎರಡು ವಾರ ಓಡಿ ಆಗಿತ್ತು. ಸಿನಿಮಾ ವ್ಯಾಪಾರ ಗೊತ್ತಿದ್ದವರಿಗೆ ಎರಡು ವಾರ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

2017ರಲ್ಲಿ ‘ಬಾಹುಬಲಿ 2’ ಸಂದರ್ಭದಲ್ಲೂ ಹೀಗೇ ಆಗಿತ್ತು. ನಟ ಸತ್ಯರಾಜ್ ಕಾವೇರಿ ವಿವಾದದಲ್ಲಿ ಒಂಬತ್ತು ವರ್ಷದ ಹಿಂದೆ ಆಡಿದ್ದ ಮಾತಿಗೆ, ಬಿಡುಗಡೆಗೆ ಒಂದು ವಾರ ಇರುವಾಗ ವಿಡಿಯೊದಲ್ಲಿ ವಿಷಾದ ಹೇಳಿದ ಮೇಲೆ ಏಪ್ರಿಲ್ 28ಕ್ಕೆ ಸಿನಿಮಾ ಬಂತು. ಎರಡೂ ಪ್ರಕರಣಗಳಲ್ಲಿ ಸರ್ಕಾರ ನಿಷೇಧದ ಆದೇಶ ಹೊರಡಿಸಲಿಲ್ಲ. ನಿಷೇಧ ಮಾತ್ರ ಇತ್ತು.

ಖಾಸಗಿಯವರು ಕೂಡಿ ಬಾಗಿಲು ಹಾಕಿದರೆ ಅದಕ್ಕೆ ಕಾನೂನಿನಲ್ಲಿ ಕೇಳುವವರೇ ಇಲ್ಲವೆಂದಲ್ಲ. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್ ನಡೆಯದೇ ಇದ್ದದ್ದು ಯಾವ ಕಾಯ್ದೆಯಿಂದ? ಯಾವುದರಿಂದಲೂ ಅಲ್ಲ, ಉದ್ಯಮದ ಒಳಗಿನ ಕಟ್ಟುಪಾಡಿನಿಂದ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದು ಸ್ಪರ್ಧೆಯನ್ನು ಕೊಲ್ಲುವ ಒಳ ಒಪ್ಪಂದ ಎಂದು ತೀರ್ಮಾನಿಸಿ ವಾಣಿಜ್ಯ ಮಂಡಳಿ ಸೇರಿದಂತೆ ಸಂಘಗಳಿಗೆ ದಂಡ ವಿಧಿಸಿತು. ಬಂಗಾಳಿಗೆ ಡಬ್ ಆದ ಮಹಾಭಾರತ ಧಾರಾವಾಹಿಯನ್ನು ಕಲಾವಿದರ ಸಮಿತಿ ತಡೆಯಹೋದ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆಯೋಗದ ಪರ ನಿಂತಿತು. ಡಬ್ಬಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ, ಇರಲಿ. ಗಮನಿಸಬೇಕಾದದ್ದು ಏನೆಂದರೆ, ಇಲ್ಲಿ ಕೆಲಸಕ್ಕೆ ಬಂದದ್ದು 19ನೇ ವಿಧಿಯಲ್ಲ, 2002ರ ಸ್ಪರ್ಧಾ ಕಾಯ್ದೆ. ಖಾಸಗಿಯವರ ಮೇಲೆ ವಾಕ್ ಸ್ವಾತಂತ್ರ್ಯದ ಕಲಂ ನೇರವಾಗಿ ಹಿಡಿಯದ ಕಡೆ ಬೇರೆ ಕಾನೂನು ಹಿಡಿಯುತ್ತದೆ.

ವಸ್ತುವಿನ ಬಹಿಷ್ಕಾರ ಮನುಷ್ಯರ ಬಹಿಷ್ಕಾರವಾದಾಗ ಕಾನೂನು ಇನ್ನೂ ಬಿಗಿ. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಬಾಲಕನೊಬ್ಬ ದೇವರ ಮೆರವಣಿಗೆಯ ಕೋಲು ಮುಟ್ಟಿದ ಎಂದು ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿ, ಕಟ್ಟದಿದ್ದರೆ ಊರು ಬಿಡಿ ಎಂದಿದ್ದರು. ‘ನಮಗೆ ಇಷ್ಟವಿಲ್ಲದವರ ಜೊತೆ ನಾವು ಸೇರುವುದಿಲ್ಲ, ಅದು ನಮ್ಮ ಸ್ವಾತಂತ್ರ್ಯ’ ಎಂದು ಯಾರಾದರೂ ಇದನ್ನು ಸಮರ್ಥಿಸಿಕೊಳ್ಳಲು ಬರುವುದಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದನ್ನೂ, ಹಾಕುತ್ತೇವೆಂದು ಹೆದರಿಸುವುದನ್ನೂ ಅಪರಾಧವೆಂದು ಹೆಸರಿಸಿದೆ. ಅಂಗಡಿಯಲ್ಲಿ ಸಾಮಾನು ಕೊಡದಿರುವುದು, ಕೂಲಿಗೆ ಕರೆಯದಿರುವುದು ಎಲ್ಲ ಅದರೊಳಗೆ ಬರುತ್ತದೆ. ದೊಡ್ಡ ಕಂಪನಿಯ ಹಾಲು ಬೇಡ ಎಂದರೆ ಕಂಪನಿಗೆ ಮಾರಾಟ ಕಮ್ಮಿಯಾಗುತ್ತದೆ. ಇಡೀ ಊರು ಒಂದು ಮನೆಯನ್ನು ಬೇಡ ಎಂದರೆ ಆ ಮನೆಯವರಿಗೆ ಬದುಕುವ ದಾರಿಯೇ ಇರುವುದಿಲ್ಲ. ಮಾತು ಆಡಿದ್ದಕ್ಕೆ, ದೂರು ಕೊಟ್ಟಿದ್ದಕ್ಕೆ ಹೀಗೆ ಮಾಡಿದರಂತೂ ಅದು ಬಾಯಿ ಮುಚ್ಚಿಸುವುದೇ, ಯಾವ ಅಧಿಕಾರಿಯ ಸಹಿಯೂ ಇಲ್ಲದೆ.

ಇನ್ನು ಸಹಿ ಇರುವ ನಿಷೇಧ. ಸಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪನವರ ಹೆಸರಿನಲ್ಲೇ ಒಂದು ಮುಖ್ಯ ತೀರ್ಪಿದೆ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದ ಮೇಲೆ, ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಚಿತ್ರಣದ ಬಗ್ಗೆ ಗಲಾಟೆ ಎದ್ದು ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರರು ಮತ್ತಿತರರು ಪ್ರಶ್ನಿಸಿದರು, ಸುಪ್ರೀಂ ಕೋರ್ಟ್ 2007ರಲ್ಲಿ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಆದರೂ ಆ ಪ್ರಕರಣದಲ್ಲಿ ಒಂದು ಅನುಕೂಲ ಇತ್ತು: ಆದೇಶ ಕಾಗದದ ಮೇಲಿತ್ತು, ಸರ್ಕಾರ ಕಾರಣ ಕೊಡಬೇಕಾಯಿತು, ಪ್ರಶ್ನಿಸುವವರಿಗೆ ಹಿಡಿದುಕೊಳ್ಳಲು ಏನೋ ಇತ್ತು. ಮುಟ್ಟುಗೋಲಿನ ಅಧಿಕಾರ ಕೊಡುವುದು ಆಗ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 98. ಅಭಿಪ್ರಾಯಕ್ಕೆ ಆಧಾರವೇನು ಎಂದು ಸರ್ಕಾರ ಬರೆಯಲೇಬೇಕು.

ನಮ್ಮ ಕಡೆ ತಾಲ್ಲೂಕು ಕೇಂದ್ರಗಳಲ್ಲಿ ನಡೆಯುವುದು ಮೂರನೆಯದು, ಅತ್ತ ಆದೇಶವೂ ಇಲ್ಲ, ಇತ್ತ ಬರೀ ಬಹಿಷ್ಕಾರವೂ ಅಲ್ಲ. ಹೀಗೆಂದು ಇಟ್ಟುಕೊಳ್ಳಿ: ಭಾನುವಾರ ಒಂದು ವಿಚಾರ ಸಂಕಿರಣ. ಸಭಾಂಗಣಕ್ಕೆ ದುಡ್ಡು ಕಟ್ಟಿ ರಸೀದಿ ಪಡೆದಾಗಿದೆ, ಮೈಕ್ ಪರ್ಮಿಷನ್‌ಗೆ ಠಾಣೆಗೆ ಅರ್ಜಿ ಕೊಟ್ಟು ಪ್ರತಿಗೆ ಸೀಲು ಹಾಕಿಸಿಕೊಂಡಾಗಿದೆ. ಗುರುವಾರ ಸಂಜೆ ನಾಲ್ಕು ಜನ ಹೋಗಿ ‘ಆ ಭಾಷಣಕಾರ ಬಂದರೆ ನಾವು ಸುಮ್ಮನಿರಲ್ಲ’ ಎಂದು ಮನವಿ ಕೊಡುತ್ತಾರೆ. ಶುಕ್ರವಾರ ಫೋನು ಬರುತ್ತದೆ. ‘ಸಾರ್, ಸುಮ್ನೆ ಯಾಕೆ, ಲಾ ಅಂಡ್ ಆರ್ಡರ್ ಆಗುತ್ತೆ. ಇನ್ನೊಂದ್ಸಲ ಇಟ್ಕೊಳಿ.’ ಪರ್ಮಿಷನ್ ಇಲ್ಲ ಎಂದು ಯಾರೂ ಬರೆದು ಕೊಡುವುದಿಲ್ಲ. ಶನಿವಾರ ಸಭಾಂಗಣದವರು ‘ವೈರಿಂಗ್ ಕೆಲಸ ನಡೀತಿದೆ, ಅಡ್ವಾನ್ಸ್ ವಾಪಸ್ ತಗೊಳಿ’ ಅನ್ನುತ್ತಾರೆ. ಕೇಳಿದರೆ ಠಾಣೆಯವರು ‘ನಾವೇನೂ ತಡೆದಿಲ್ಲ’ ಅನ್ನುತ್ತಾರೆ. ಮನವಿ ಕೊಟ್ಟವರು ‘ನಾವು ಬರೀ ನಮ್ಮ ಅಭಿಪ್ರಾಯ ಹೇಳಿದ್ವಿ’ ಅನ್ನುತ್ತಾರೆ. ಕಾಗದದಲ್ಲಿ ಎಲ್ಲರೂ ಸುಭಗರೇ, ಕಾರ್ಯಕ್ರಮ ಮಾತ್ರ ಇಲ್ಲ.

ಇದು ಖಾಸಗಿ ವಿರೋಧ ಎಂದು ಬಿಟ್ಟುಬಿಡಲು ಬರುವುದಿಲ್ಲ. 1989ರಲ್ಲಿ ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೇರವಾಗಿ ಇದನ್ನೇ. ಮೀಸಲಾತಿ ಕುರಿತ ತಮಿಳು ಸಿನಿಮಾ ಒಂದನ್ನು ತೋರಿಸಿದರೆ ಗಲಭೆಯಾಗುತ್ತದೆ ಎಂದು ತಮಿಳುನಾಡು ಸರ್ಕಾರ ವಾದಿಸಿತ್ತು. ಮೆರವಣಿಗೆಯ, ಹಿಂಸೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಅದುಮಿದರೆ ಅದು ಬೆದರಿಸುವವರಿಗೆ ಶರಣಾದಂತೆ, ಎದುರಾಳಿ ಗುಂಪನ್ನು ನಿಭಾಯಿಸಲಾಗದು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ ಎಂದು ಕೋರ್ಟ್ ಉತ್ತರಿಸಿತು. ಲಾ ಅಂಡ್ ಆರ್ಡರ್ ಕಾಪಾಡುವುದು ಎಂದರೆ ಮಾತನಾಡುವವನನ್ನು ಮನೆಗೆ ಕಳಿಸುವುದಲ್ಲ, ಕಲ್ಲು ಹಿಡಿದವನನ್ನು ತಡೆಯುವುದು.

ಬಂಗಾಳದ ‘ಭೊಬಿಷ್ಯೊತೆರ್ ಭೂತ್’ ಪ್ರಕರಣ ಇನ್ನೂ ಹತ್ತಿರದ್ದು. 2019ರ ಫೆಬ್ರುವರಿಯಲ್ಲಿ ತೆರೆಕಂಡ ಸಿನಿಮಾವನ್ನು ಥಿಯೇಟರ್‌ಗಳು ಏಕಾಏಕಿ ತೆಗೆದವು. ಅಲ್ಲೂ ನಿಷೇಧದ ಆದೇಶ ಇರಲಿಲ್ಲ, ಪೊಲೀಸರ ಒತ್ತಡ ಇತ್ತು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಇದು ಕಾನೂನಿನ ಬಲವಿಲ್ಲದ ಅಡ್ಡದಾರಿ ಎಂದು ಹೇಳಿ, ನಿರ್ಮಾಪಕರಿಗೆ 20 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ಸರ್ಕಾರ ತಾನು ಸುಮ್ಮನಿದ್ದರೆ ಸಾಲದು, ಮಾತನಾಡುವವನಿಗೆ ರಕ್ಷಣೆ ಕೊಡುವುದೂ ಅದರ ಕರ್ತವ್ಯ ಎಂಬುದು ಆ ತೀರ್ಪಿನ ತಿರುಳು.

ಫೋನಿನೊಳಗೂ ಇದೇ ಗೊಂದಲ. ಕಂಪನಿ ತನ್ನ ನಿಯಮದ ಪ್ರಕಾರ ನಿಮ್ಮ ಪೋಸ್ಟ್ ತೆಗೆದರೆ ಒಂದು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಅಡಿಯಲ್ಲಿ ಸರ್ಕಾರ ತೆಗೆಸಿದರೆ ಇನ್ನೊಂದು. ಆದರೆ 69ಎ ಆದೇಶಗಳನ್ನು ಗುಟ್ಟಾಗಿಡಬೇಕೆಂದು ನಿಯಮವೇ ಇರುವುದರಿಂದ, ತೆಗೆದದ್ದು ಯಾರು ಎಂದು ಬರೆದವನಿಗೆ ಗೊತ್ತಾಗುವುದೇ ಕಷ್ಟ. ಇಂಥ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರಲ್ಲಿ 50 ಲಕ್ಷ ದಂಡದೊಂದಿಗೆ ವಜಾ ಮಾಡಿತು, ಪೋಸ್ಟ್ ತೆಗೆಯಿರಿ ಎಂದು ಸರ್ಕಾರ ಕಂಪನಿಗಳಿಗೆ ಸೂಚನೆ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧದ ಎಕ್ಸ್ (ಹಿಂದಿನ ಟ್ವಿಟರ್) ಅರ್ಜಿಯೂ 2025ರ ಸೆಪ್ಟೆಂಬರ್‌ನಲ್ಲಿ ಬಿದ್ದುಹೋಯಿತು.

ವಾಕ್ ಸ್ವಾತಂತ್ರ್ಯದ ಹಕ್ಕು ಬರೀ ಸರ್ಕಾರದ ವಿರುದ್ಧ ಮಾತ್ರವೇ ಎಂಬುದೂ ಈಗ ಮೊದಲಿನಷ್ಟು ಗಟ್ಟಿ ಉತ್ತರವಿರುವ ಪ್ರಶ್ನೆಯಲ್ಲ. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಐವರ ಪೀಠದ ನಾಲ್ವರು, 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ರಾಜ್ಯವಲ್ಲದವರ ವಿರುದ್ಧವೂ ಜಾರಿ ಮಾಡಿಸಬಹುದು ಎಂದರು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದನ್ನು ಒಪ್ಪದೆ ಬೇರೆ ತೀರ್ಪು ಬರೆದರು. ನನಗೆ ಅವರ ಕಡೆಯೇ ತೂಕ ಹೆಚ್ಚೆನಿಸುತ್ತದೆ. ನಾಳೆ ಪತ್ರಿಕೆ ಪತ್ರ ಹಾಕದ್ದಕ್ಕೂ, ಸಂಘದವರು ವೇದಿಕೆ ಕೊಡದ್ದಕ್ಕೂ ರಿಟ್ ಹಾಕುವಂತಾದರೆ ಸ್ವಾತಂತ್ರ್ಯ ಹೆಚ್ಚುವುದಿಲ್ಲ, ಎಲ್ಲದಕ್ಕೂ ಕೋರ್ಟಿನ ಅಪ್ಪಣೆ ಕಾಯಬೇಕಾಗುತ್ತದೆ.

ಕಾರ್ಯಕ್ರಮ ಮಾಡುವವರಿಗೆ ಸದ್ಯಕ್ಕೆ ಕೈಯಲ್ಲಿರುವ ಸಾಧನ ಚಿಕ್ಕದು. ಫೋನಿನಲ್ಲಿ ಬೇಡ ಅಂದರೆ ‘ಹಿಂಬರಹ ಕೊಡಿ ಸಾರ್’ ಎಂದು ಲಿಖಿತ ಉತ್ತರ ಕೇಳಿ, ಕೊಡದಿದ್ದರೆ ಆ ಮಾತುಕತೆಯನ್ನೇ ದಿನಾಂಕ, ಸಮಯ ಸಮೇತ ಅರ್ಜಿಯಲ್ಲಿ ಬರೆದು ಟಪಾಲಿಗೆ ಹಾಕಿ ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ಎಸ್‌ಪಿ ಕಚೇರಿಗೂ ಹೋಗಲಿ. ಬೆದರಿಕೆ ಹಾಕಿದವರ ಮೇಲೆ ದೂರು ಬೇರೆಯೇ ಇರಲಿ. 226ನೇ ವಿಧಿಯಡಿ ಹೈಕೋರ್ಟಿಗೆ ಹೋದರೆ ವಕೀಲರು ಮೊದಲು ಕೇಳುವುದು ಈ ಕಾಗದಗಳನ್ನೇ. ಆದೇಶ ಇಲ್ಲದಿದ್ದರೂ ಅರ್ಜಿ ಕೊಟ್ಟಿದ್ದಕ್ಕೆ, ಉತ್ತರ ಬಾರದ್ದಕ್ಕೆ ದಾಖಲೆ ಇದ್ದರೆ ರಕ್ಷಣೆ ಕೊಡಿಸಿ ಎಂದು ಕೇಳಲು ದಾರಿ ಇದೆ.